ವಾರಕ್ಕೊಮ್ಮೆ ಮಗುಚಿ ನೋಡಬೇಕಾದ ಯಂತ್ರ

ನೆಲ ಗುಡಿಸುವ ರೋಬೋಟನ್ನು ಉತ್ಸಾಹದಿಂದ ಕೊಂಡವರು ಕೆಲವೇ ತಿಂಗಳಲ್ಲಿ ಅದನ್ನು ಮೂಲೆಗೆ ಸೇರಿಸಿ ಮತ್ತೆ ಪೊರಕೆ ಹಿಡಿಯುವುದನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಮೊದಲಿನ ಹಾಗೆ ಕಸ ಎಳೆಯುವುದಿಲ್ಲ ಎಂಬುದೇ ಅವರೆಲ್ಲರ ದೂರು. ಅಂಥ ಯಂತ್ರವನ್ನು ಎತ್ತಿ ಮಗುಚಿದರೆ ಹೆಚ್ಚಿನ ಸಲ ಕಾಣಸಿಗುವುದು ಬ್ರಷ್ಷಿನ ಎರಡು ತುದಿಗಳಲ್ಲಿ ಬಿಗಿಯಾಗಿ ಸುತ್ತಿಕೊಂಡ ಕೂದಲು, ಧೂಳು ಕಟ್ಟಿಕೊಂಡ ಫಿಲ್ಟರ್ ಮತ್ತು ತಿರುಗಲಾರದೆ ನಿಂತ ಮುಂದಿನ ಪುಟ್ಟ ಚಕ್ರ. ಮೋಟಾರು ಚೆನ್ನಾಗಿಯೇ ಇರುತ್ತದೆ. ಈ ಯಂತ್ರ ಬಗ್ಗಿ ಗುಡಿಸುವ ಶ್ರಮವನ್ನು ಖಂಡಿತವಾಗಿ ತಪ್ಪಿಸುತ್ತದೆ, ವಯಸ್ಸಾದ ಬೆನ್ನಿಗೆ ಅದು ಸಣ್ಣ ಉಪಕಾರವೇನಲ್ಲ. ಆದರೆ ಅದಕ್ಕೆ ಪ್ರತಿಯಾಗಿ ವಾರಕ್ಕೆ ಕಾಲು ಗಂಟೆಯ ಆರೈಕೆಯನ್ನು ಬೇಡುತ್ತದೆ. ಆ ಕಾಲು ಗಂಟೆ ಕೊಡಲು ಮನಸ್ಸಿಲ್ಲದವರು ಕೊಳ್ಳದಿರುವುದೇ ಲೇಸು.

ಕೊಳ್ಳುವ ಮುನ್ನ ಅಳತೆಪಟ್ಟಿ ಹಿಡಿದು ಮನೆಯನ್ನೊಮ್ಮೆ ಸುತ್ತಿ ಬನ್ನಿ. ಸಾಮಾನ್ಯವಾಗಿ ಇವುಗಳ ಎತ್ತರ 8ರಿಂದ 10 ಸೆಂಟಿಮೀಟರ್. ನೆತ್ತಿಯ ಮೇಲೆ ಲೇಸರ್ ಗೋಪುರವಿರುವವು ತುಸು ಹೆಚ್ಚು ಎತ್ತರ. ಮಂಚದ ಅಡಿಯ ಸಂದು ಯಂತ್ರಕ್ಕಿಂತ ಒಂದು ಬೆರಳಿನಷ್ಟಾದರೂ ಹೆಚ್ಚಿರಬೇಕು, ಇಲ್ಲವಾದರೆ ಅದು ಒಳಗೆ ಹೋಗಿ ಸಿಕ್ಕಿಕೊಂಡು, ನೀವೇ ನೆಲಕ್ಕೆ ಮಲಗಿ ಎಳೆಯಬೇಕಾಗುತ್ತದೆ. ಹೊಸ್ತಿಲು ಸುಮಾರು 2 ಸೆಂಟಿಮೀಟರಿಗಿಂತ ಎತ್ತರವಿದ್ದರೆ ಬಹುಪಾಲು ಯಂತ್ರಗಳು ದಾಟಲಾರವು. ಇನ್ನು ಹೀರುವ ಶಕ್ತಿಯನ್ನು ಪ್ಯಾಸ್ಕಲ್ ಎಂಬ ಒತ್ತಡದ ಅಳತೆಯಲ್ಲಿ ಹೇಳುವ ದೊಡ್ಡ ದೊಡ್ಡ ಅಂಕಿಗಳಿಗೆ ಅಷ್ಟಾಗಿ ಮರುಳಾಗಬೇಡಿ. ನುಣುಪು ನೆಲದ ಮನೆಗೆ ಅದಕ್ಕಿಂತ ಬ್ರಷ್ಷಿನ ರಚನೆಯೇ ಮುಖ್ಯ; ದಪ್ಪ ರತ್ನಗಂಬಳಿ ಹಾಸಿದ ಮನೆಯವರು ಮಾತ್ರ ಆ ಅಂಕಿಯನ್ನು ಗಮನಿಸಿದರೆ ಸಾಕು. ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಬ್ರಷ್, ಫಿಲ್ಟರ್, ಬ್ಯಾಟರಿ ಇವು ಬಿಡಿಭಾಗಗಳಾಗಿ ಸಿಗುತ್ತವೆಯೇ, ಮತ್ತು ಬ್ಯಾಟರಿಯನ್ನು ಸ್ಕ್ರೂ ಬಿಚ್ಚಿ ನಾವೇ ಬದಲಿಸಲು ಬರುತ್ತದೆಯೇ? ಇದಕ್ಕೆ ಸರಿಯಾದ ಉತ್ತರ ಸಿಗದ ಯಂತ್ರ ಎಷ್ಟೇ ಅಗ್ಗವಾದರೂ ದುಬಾರಿಯೇ.

ಯಂತ್ರ ಮನೆಯೊಳಗೆ ದಾರಿ ಹುಡುಕುವ ಬಗೆಯನ್ನೂ ತಿಳಿದುಕೊಂಡಿರುವುದು ಒಳ್ಳೆಯದು. 2002ರಲ್ಲಿ ಬಂದ ಮೊದಲ ರೂಂಬಾ ಯಂತ್ರಕ್ಕೆ ಮನೆಯ ನಕ್ಷೆಯೆಂಬುದೇ ಇರಲಿಲ್ಲ. ಅದು ಗೋಡೆಗೆ ತಾಗಿ, ತಿರುಗಿ, ಮತ್ತೆಲ್ಲೋ ಹೋಗಿ, ಸುಮ್ಮನೆ ಅಲೆದಾಡುತ್ತಲೇ ನೆಲದ ಬಹುಭಾಗವನ್ನು ಮುಗಿಸುತ್ತಿತ್ತು. ಇಂದಿನ ಹಲವು ಯಂತ್ರಗಳು ಲೇಸರ್ ಕಿರಣದಿಂದಲೋ ಕ್ಯಾಮೆರಾದಿಂದಲೋ ಸುತ್ತಲಿನ ದೂರವನ್ನು ಅಳೆದು ನಕ್ಷೆ ಬಿಡಿಸಿಕೊಳ್ಳುತ್ತವೆ, ಜೊತೆಗೆ ತಮ್ಮ ಚಕ್ರಗಳು ಎಷ್ಟು ಸುತ್ತು ತಿರುಗಿದವು ಎಂದು ಎಣಿಸಿ ತಾವು ಎಲ್ಲಿದ್ದೇವೆಂದು ಲೆಕ್ಕ ಹಾಕುತ್ತವೆ. ಕ್ಯಾಮೆರಾ ನಂಬಿದ ಯಂತ್ರಕ್ಕೆ ಕತ್ತಲೆಯಲ್ಲಿ ಕಣ್ಣು ಕಾಣದು, ಆದ್ದರಿಂದ ರಾತ್ರಿ ದೀಪ ಆರಿಸಿ ಅದನ್ನು ಓಡಿಸಬಾರದು. ಲೇಸರ್ ಯಂತ್ರಕ್ಕೆ ಕತ್ತಲೆಯ ತೊಂದರೆಯಿಲ್ಲ, ಆದರೆ ನೆಲದವರೆಗೆ ಇಳಿಬಿಟ್ಟ ದೊಡ್ಡ ಕನ್ನಡಿಯನ್ನು ಅದು ಇನ್ನೊಂದು ಕೋಣೆಯೆಂದು ಭಾವಿಸಿ ನಕ್ಷೆಯನ್ನು ಕೆಡಿಸಿಕೊಳ್ಳುವುದುಂಟು.

ಚಾರ್ಜ್ ಆಗುವ ಪೀಠವನ್ನು ಗೋಡೆಗೆ ಒತ್ತಿ, ಸಮತಟ್ಟಾದ ನೆಲದಲ್ಲಿ, ಎರಡೂ ಬದಿಗೆ ಅರ್ಧ ಮೀಟರ್ ಮತ್ತು ಎದುರಿಗೆ ಒಂದೂವರೆ ಮೀಟರ್ ಜಾಗ ಬಿಟ್ಟು ಇಡಿ. ನೇರ ಬಿಸಿಲು ಬೀಳುವ ಕಡೆ ಬೇಡ. ಪೀಠದಿಂದ ಹೊಮ್ಮುವ ಕಣ್ಣಿಗೆ ಕಾಣದ ಸಂಕೇತವನ್ನು ಯಂತ್ರ ಗುರುತಿಸುವುದಕ್ಕೆ ಬಿಸಿಲು ಅಡ್ಡಿಯಾಗುತ್ತದೆ, ಬ್ಯಾಟರಿಗೂ ಕಾವು ಒಳ್ಳೆಯದಲ್ಲ. ಒಮ್ಮೆ ಇಟ್ಟ ಪೀಠವನ್ನು ಪದೇ ಪದೇ ಸ್ಥಳಾಂತರಿಸಬೇಡಿ.

ಪ್ರತಿದಿನ ಯಂತ್ರವನ್ನು ಬಿಡುವ ಮುನ್ನ ನೆಲದ ಮೇಲೆ ಕಣ್ಣಾಡಿಸುವ ಅಭ್ಯಾಸ ಮಾಡಿಕೊಳ್ಳಿ. ಫೋನಿನ ಚಾರ್ಜರ್ ವೈರು, ಕಾಲುಚೀಲ, ಪರದೆಯ ದಾರ, ರಗ್ಗಿನ ಅಂಚಿನ ಕುಚ್ಚು ಇವೆಲ್ಲ ಬ್ರಷ್ಷಿಗೆ ಸುತ್ತಿಕೊಳ್ಳುವ ವಸ್ತುಗಳು. ಸಾಕುಪ್ರಾಣಿಗಳಿರುವ ಮನೆಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಅವುಗಳ ಮಲದ ಮೇಲೆ ಯಂತ್ರ ಹರಿದರೆ ಅದನ್ನು ಮನೆತುಂಬ ಬಳಿದುಬಿಡುತ್ತದೆ, ಆಮೇಲೆ ಯಂತ್ರದ ಸಂದುಗೊಂದುಗಳನ್ನು ಶುಚಿಗೊಳಿಸುವುದು ಬಹಳ ಕಷ್ಟ. ನೆಲದ ಮೇಲೆ ನೀರೋ ಹಾಲೋ ಚೆಲ್ಲಿದ್ದರೆ ಮೊದಲು ಬಟ್ಟೆಯಿಂದ ಒರೆಸಿ. ಒಣಕಸ ಹೀರುವ ಮೋಟಾರಿಗೆ ದ್ರವ ತಾಗಕೂಡದು. ಒಡೆದ ಗಾಜನ್ನು, ಬಿಸಿ ಬೂದಿಯನ್ನು, ಗೋಡೆ ಕೊರೆದಾಗ ಉದುರಿದ ಸಿಮೆಂಟಿನ ನಯವಾದ ಪುಡಿಯನ್ನು ಇದರಿಂದ ಎತ್ತಿಸಲೇಬೇಡಿ. ಅಂಥ ಪುಡಿ ಫಿಲ್ಟರಿನ ರಂಧ್ರಗಳನ್ನು ಒಂದೇ ದಿನದಲ್ಲಿ ಮುಚ್ಚಿಬಿಡುತ್ತದೆ.

ಈಗ ವಾರದ ಆರೈಕೆಯ ವಿಚಾರಕ್ಕೆ ಬರುತ್ತೇನೆ, ನಾನು ಒತ್ತಿ ಹೇಳಬೇಕಾದದ್ದೂ ಇದನ್ನೇ. ಮೊದಲು ಯಂತ್ರದ ಮುಖ್ಯ ಸ್ವಿಚ್ಚನ್ನು ಆರಿಸಿ, ಮೆತ್ತನೆಯ ಟವೆಲ್ ಹಾಸಿ, ಅದರ ಮೇಲೆ ಯಂತ್ರವನ್ನು ಮಗುಚಿರಿ. ನಡುವಿನ ಉರುಳು ಬ್ರಷ್ಷನ್ನು ಹೊರತೆಗೆದು, ಅದರ ಉದ್ದಕ್ಕೂ ಸುತ್ತಿದ ಕೂದಲನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ ಬಿಡಿಸಬೇಕು. ಬಹಳ ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ. ನಿಜವಾದ ಹಾನಿ ಆಗುವುದು ಬ್ರಷ್ಷಿನ ಎರಡು ತುದಿಗಳಲ್ಲಿ, ಅದು ಕೂತು ತಿರುಗುವ ಟೋಪಿಗಳ ಒಳಗೆ. ಅಲ್ಲಿ ಸೇರಿದ ಕೂದಲು ಹೊರಗೆ ಕಾಣುವುದಿಲ್ಲ. ದಿನೇ ದಿನೇ ಬಿಗಿದು ತಿರುಗುವ ಭಾಗಕ್ಕೆ ಉಜ್ಜುತ್ತದೆ, ಉಜ್ಜಿದಲ್ಲಿ ಕಾವು ಹುಟ್ಟಿ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಬ್ರಷ್ಷನ್ನು ತಿರುಗಿಸಲು ಮೋಟಾರು ಹೆಚ್ಚು ವಿದ್ಯುತ್ ಎಳೆಯುತ್ತದೆ, ಕೊನೆಗೆ ಬ್ಯಾಟರಿಯೂ ಬೇಗ ಖಾಲಿಯಾಗುತ್ತದೆ. ಬ್ಯಾಟರಿ ಹೋಯಿತೆಂದು ಹೊಸದಕ್ಕೆ ಹೊರಟವರೊಬ್ಬರ ಯಂತ್ರದಲ್ಲಿ ಆ ಟೋಪಿಗಳನ್ನು ತೆಗೆದು, ಉಂಗುರದಂತೆ ಗಟ್ಟಿಯಾಗಿದ್ದ ಕೂದಲನ್ನು ನಾನೇ ಚಿಮಟದಿಂದ ಎಳೆದುಹಾಕಿದ್ದೇನೆ; ಯಂತ್ರ ಮತ್ತೆ ಮೊದಲಿನಷ್ಟೇ ಹೊತ್ತು ಓಡಿತು.

ಬದಿಯ ಪುಟ್ಟ ಬ್ರಷ್ಷನ್ನೂ ಬಿಚ್ಚಿ, ಅದರ ಬುಡದ ದಾರವನ್ನು ತೆಗೆಯಿರಿ. ಅದರ ಎಳೆಗಳು ಬಾಗಿದ್ದರೆ ಕ್ಷಣಕಾಲ ಬಿಸಿನೀರಿನಲ್ಲಿ ಅದ್ದಿದಾಗ ನೆಟ್ಟಗಾಗುತ್ತವೆ, ಚೆನ್ನಾಗಿ ಒಣಗಿದ ಮೇಲೆ ಮತ್ತೆ ಕೂರಿಸಬಹುದು. ಮುಂದಿನ ಪುಟ್ಟ ಚಕ್ರ ಸಾಮಾನ್ಯವಾಗಿ ನೇರವಾಗಿ ಎಳೆದರೆ ಕೈಗೆ ಬರುತ್ತದೆ. ಅದರ ಅಚ್ಚನ್ನೂ ಅದು ಕೂರುವ ಗುಳಿಯನ್ನೂ ಒರೆಸಬೇಕು. ಈ ಚಕ್ರ ಬಿಗಿದುಕೊಂಡರೆ ತಿರುಗದೆ ಉಜ್ಜುತ್ತಾ ಹೋಗಿ ನೆಲದ ಮೇಲೆ ಗೀರು ಬೀಳಿಸುತ್ತದೆ, ಅಲ್ಲದೆ ಯಂತ್ರ ಓರೆಯಾಗಿ ಎಳೆದಾಡಿ ತನ್ನ ಲೆಕ್ಕವನ್ನು ತಾನೇ ತಪ್ಪುತ್ತದೆ. ನಕ್ಷೆ ಓರೆಯಾಯಿತೆಂದು ತಂತ್ರಾಂಶವನ್ನು ದೂರುವ ಮೊದಲು ಈ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿ.

ಕಸದ ಡಬ್ಬಿಯನ್ನು ಪ್ರತಿಸಲ ಖಾಲಿ ಮಾಡಿ, ಫಿಲ್ಟರನ್ನು ಕಸದ ಬುಟ್ಟಿಯ ಅಂಚಿಗೆ ಮೆಲ್ಲಗೆ ತಟ್ಟಿ ಧೂಳು ಉದುರಿಸಿ. ತೊಳೆಯಬಹುದು ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಫಿಲ್ಟರನ್ನು ನೀರಿಗೆ ಹಿಡಿಯಬೇಕು, ಅದೂ ಸಾಬೂನಿಲ್ಲದೆ, ಮತ್ತು ಗಾಳಿಯಾಡುವ ನೆರಳಿನಲ್ಲಿ 24 ಗಂಟೆಯಾದರೂ ಒಣಗಿಸಬೇಕು. ನನ್ನ ಮೊದಲ ಯಂತ್ರ ಹಾಳಾದದ್ದು ಇಲ್ಲಿಯೇ. ಮೇಲ್ಮೈ ಒಣಗಿದಂತೆ ಕಂಡಿತೆಂದು ಅದೇ ದಿನ ಫಿಲ್ಟರನ್ನು ಕೂರಿಸಿ ಓಡಿಸಿದೆ. ಮಡಿಕೆಗಳ ಒಳಗೆ ಉಳಿದಿದ್ದ ತೇವಕ್ಕೆ ಧೂಳು ಅಂಟಿ ಕೆಸರಾಯಿತು, ಕೆಲವು ವಾರಗಳಲ್ಲಿ ಮುಗ್ಗಲು ವಾಸನೆ ಹುಟ್ಟಿತು, ಹೀರುವ ಮೋಟಾರು ಕೊನೆಗೆ ನಿಂತೇಹೋಯಿತು. ಅಂದಿನಿಂದ ಎರಡು ಫಿಲ್ಟರುಗಳನ್ನು ಇಟ್ಟುಕೊಂಡಿದ್ದೇನೆ, ಒಂದು ಒಣಗುತ್ತಿರುವಾಗ ಇನ್ನೊಂದು ಕೆಲಸದಲ್ಲಿರುತ್ತದೆ. ತೊಳೆಯುವ ಫಿಲ್ಟರಿಗೂ ಆಯುಸ್ಸಿದೆ. ಕೆಲವು ತಿಂಗಳ ಬಳಕೆಯ ನಂತರ ತಟ್ಟಿದರೂ ತೊಳೆದರೂ ಬೂದುಬಣ್ಣ ಬಿಡದಿದ್ದರೆ ಬದಲಿಸಿ.

ಯಂತ್ರದ ಅಡಿಭಾಗದ ಅಂಚಿನಲ್ಲಿರುವ ಸಣ್ಣ ಕಿಟಕಿಗಳು ಮೆಟ್ಟಿಲಿನಿಂದ ಬೀಳದಂತೆ ಕಾಯುವ ಸೆನ್ಸರುಗಳು. ಅವು ನೆಲದ ಕಡೆಗೆ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಚೆಲ್ಲಿ, ಅದು ಮರಳಿ ಬಂದರೆ ನೆಲವಿದೆಯೆಂದೂ ಬಾರದಿದ್ದರೆ ಪ್ರಪಾತವೆಂದೂ ತಿಳಿಯುತ್ತವೆ. ಧೂಳು ಮುಚ್ಚಿದಾಗ ಯಂತ್ರ ಬಯಲಿನಲ್ಲಿಯೂ ಹಿಂದೆ ಸರಿಯುತ್ತದೆ. ಕಪ್ಪು ರಗ್ಗು ಆ ಬೆಳಕನ್ನು ಹೀರಿಕೊಳ್ಳುವುದರಿಂದ ಅದರ ಮೇಲೆ ಕಾಲಿಡಲು ಯಂತ್ರ ಒಪ್ಪುವುದಿಲ್ಲ. ಇದಕ್ಕೆ ಸೆನ್ಸರಿನ ಮೇಲೆ ಟೇಪ್ ಅಂಟಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಮೆಟ್ಟಿಲಿರುವ ಮನೆಯಲ್ಲಿ ಅದನ್ನು ಎಂದಿಗೂ ಮಾಡಬೇಡಿ, ಕೆಳಗೆ ಮಗುವಿದ್ದರೆ ಅನಾಹುತವಾದೀತು. ಆ ಕಿಟಕಿಗಳನ್ನೂ ಚಾರ್ಜಿಂಗ್ ಪಟ್ಟಿಗಳನ್ನೂ ನುಣುಪಾದ ಒಣಬಟ್ಟೆಯಿಂದ ಒರೆಸಿದರೆ ಸಾಕು. ಪೀಠದ ಮೇಲೆ ಕೂತರೂ ಚಾರ್ಜ್ ಆಗುತ್ತಿಲ್ಲ ಎಂಬ ದೂರು ಹಲವು ಸಲ ಇಷ್ಟರಲ್ಲೇ ಪರಿಹಾರವಾಗುತ್ತದೆ.

ನೆಲ ಒರೆಸುವ ಸೌಕರ್ಯವೂ ಇರುವ ಯಂತ್ರವಾದರೆ ಅದರ ತೊಟ್ಟಿಗೆ ಶುದ್ಧ ನೀರನ್ನು ಮಾತ್ರ ಹಾಕಿ, ತಯಾರಕರು ಹೇಳಿದ ದ್ರಾವಣವಿದ್ದರೆ ಅದನ್ನು ಅಳತೆ ಮೀರದೆ ಬೆರೆಸಿ. ಫಿನೈಲ್, ಬ್ಲೀಚ್, ಪರಿಮಳದ ಎಣ್ಣೆಗಳು ಒಳಗಿನ ರಬ್ಬರನ್ನೂ ಸಣ್ಣ ಪಂಪನ್ನೂ ಹಾಳುಮಾಡುತ್ತವೆ. ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ಕಳಚಿ ತೊಳೆದು ಒಣಗಲು ಹಾಕಿ, ತೊಟ್ಟಿಯ ನೀರನ್ನು ಚೆಲ್ಲಿಬಿಡಿ. ಒದ್ದೆ ಬಟ್ಟೆಯ ಸಮೇತ ಯಂತ್ರವನ್ನು ಪೀಠದಲ್ಲಿ ಬಿಟ್ಟರೆ ದುರ್ವಾಸನೆಯೂ ಬೂಷ್ಟೂ ತಪ್ಪದು. ಅಂಟಿದ ಕಲೆಯನ್ನು ಕೈಯಿಂದ ಉಜ್ಜಿ ತೆಗೆಯಬೇಕೇ ಹೊರತು ಈ ಯಂತ್ರದಿಂದ ಅದನ್ನು ನಿರೀಕ್ಷಿಸಬಾರದು.

ವೈಫೈ ಕೂಡುವುದಿಲ್ಲವೆಂಬ ತೊಂದರೆಗೆ ಒಂದೇ ಮಾತು: ಇವುಗಳಲ್ಲಿ ಹಲವು 2.4 ಗಿಗಾಹರ್ಟ್ಸ್ ಜಾಲಕ್ಕೆ ಮಾತ್ರ ಹೊಂದುತ್ತವೆ, ರೌಟರಿನಲ್ಲಿ ಅದು ತೆರೆದಿದೆಯೇ ನೋಡಿ. ಯಂತ್ರವನ್ನು ಬೇರೆಯವರಿಗೆ ಕೊಡುವುದಾದರೆ ಅದರೊಳಗಿನ ನಿಮ್ಮ ಮನೆಯ ನಕ್ಷೆಯನ್ನೂ ಖಾತೆಯನ್ನೂ ಅಳಿಸಿಯೇ ಕೊಡಿ.

ಬ್ಯಾಟರಿ ಲಿಥಿಯಂ ಅಯಾನಿನದಾಗಿದ್ದರೆ ಚಾರ್ಜ್ ಆದ ಸುತ್ತುಗಳು ಹೆಚ್ಚಿದಂತೆ ಅದರ ಶಕ್ತಿ ಇಳಿಯುವುದು ಸಹಜ. ತಿಂಗಳುಗಟ್ಟಲೆ ಊರಿಗೆ ಹೋಗುವಾಗ ಅರ್ಧದಷ್ಟು ಚಾರ್ಜ್ ಇರಿಸಿ, ಸ್ವಿಚ್ ಆರಿಸಿ, ತಂಪಾದ ಒಣ ಜಾಗದಲ್ಲಿಡಿ. ಪೂರ್ತಿ ಖಾಲಿಯಾಗಿ ಬಿದ್ದಿರುವ ಬ್ಯಾಟರಿ ಮರಳಿ ಚೇತರಿಸಿಕೊಳ್ಳದಿರಬಹುದು. ಯಂತ್ರದ ತಳ ಉಬ್ಬಿದಂತೆ ಕಂಡರೆ, ಅಥವಾ ಚಾರ್ಜ್ ಆಗುವಾಗ ಮುಟ್ಟಲಾಗದಷ್ಟು ಬಿಸಿಯಾದರೆ, ಆ ಕ್ಷಣವೇ ಬಳಕೆ ನಿಲ್ಲಿಸಬೇಕು, ಉಬ್ಬಿದ ಬ್ಯಾಟರಿಯನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಮಾಡಕೂಡದು. ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಎಸೆದರೆ ಕಸದ ರಾಶಿಯಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು. ಅದರ ಲೋಹದ ತುದಿಗಳಿಗೆ ಟೇಪ್ ಅಂಟಿಸಿ, ಬೇರೆಯಾಗಿ ಕಟ್ಟಿ, ಎಲೆಕ್ಟ್ರಾನಿಕ್ ತ್ಯಾಜ್ಯ ಸಂಗ್ರಹಿಸುವವರ ಕೈಗೇ ಒಪ್ಪಿಸಿ.