ಕಡಗ ಬಿಚ್ಚಿಟ್ಟು ಬಾ

ಗಂಗಾವತಿ ಸುತ್ತ ಭತ್ತದ ಕೊಯ್ಲು ಶುರುವಾಯಿತೆಂದರೆ ನನ್ನ ಅಂಗಡಿಯ ಮುಂದೆ ಗಾಡಿಗಳ ಸಾಲು. ವೈರಿಂಗ್, ಸೆಲ್ಫ್, ಬ್ಯಾಟರಿ ನನ್ನ ಕಸುಬು. ಕಳೆದ ಸುಗ್ಗಿಯಲ್ಲಿ ಕಾರು ತಂದಿದ್ದ ಹಿರಿಯರೊಬ್ಬರು, ನಾನು ಬ್ಯಾಟರಿಯ ಎರಡೂ ಟರ್ಮಿನಲ್ಲುಗಳ ಮೇಲೆ ಕೈಯಿಟ್ಟದ್ದನ್ನು ಕಂಡು, "ಏ ತಮ್ಮಾ, ಕೈ ತೆಗೆ! ಅರವತ್ತು ಆಂಪಿಯರ್ ಎಂದು ಅದರ ಮೇಲೇ ಬರೆದಿದೆಯಲ್ಲ" ಎಂದು ಕೂಗಿಯೇಬಿಟ್ಟರು.

ಬರೆದಿದ್ದದ್ದು 60 ಆಂಪಿಯರ್-ಅವರ್. ಅದು ಹರಿವಿನ ಲೆಕ್ಕವಲ್ಲ, ದಾಸ್ತಾನಿನ ಲೆಕ್ಕ. ಒಂದೇ ಸಮನೆ 3 ಆಂಪಿಯರಿನಂತೆ ಎಳೆದರೆ 20 ಗಂಟೆ ಬಾಳುತ್ತದೆ ಎಂದರ್ಥ. ಅವರು ತುಂಗಭದ್ರಾ ಎಡದಂಡೆ ಕಾಲುವೆಯ ರೈತರು, ಹಾಗಾಗಿ ಕಾಲುವೆಯ ಮಾತಿನಲ್ಲೇ ಹೇಳಿದೆ. ಕಾಲುವೆ ತುಂಬಿ ಹರಿದರೂ ದಿಬ್ಬದ ಹೊಲಕ್ಕೆ ನೀರು ತಾನಾಗಿ ಏರುವುದಿಲ್ಲ, ಪಂಪು ಬೇಕು. ಆ ದಬ್ಬುವ ಬಲವೇ ವೋಲ್ಟೇಜ್. ನಮ್ಮ ಚರ್ಮವೇ ದಿಬ್ಬ. ಮನೆಯ 230 ವೋಲ್ಟಿಗೆ ಅದನ್ನು ಏರುವ ಕಸುವಿದೆ, ಈ ಬ್ಯಾಟರಿಯ 12 ವೋಲ್ಟಿಗಿಲ್ಲ.

ಹಿರಿಯರಿಗೆ ನಂಬಿಕೆ ಬರಲಿಲ್ಲ. ಮಲ್ಟಿಮೀಟರಿನ ಕಡ್ಡಿಗಳನ್ನು ಅವರ ಎರಡು ಕೈಗೆ ಕೊಟ್ಟೆ. ನೇಗಿಲು ಹಿಡಿದು ಜಡ್ಡುಗಟ್ಟಿದ ಬೆರಳುಗಳು. ಮೈಯ ತಡೆ 8 ಲಕ್ಷ ಓಮ್ ದಾಟಿತು. ಬೆವರಿದ್ದ ನನ್ನ ಕೈಗೆ 50 ಸಾವಿರ. ತುಂಬಿದ ಬ್ಯಾಟರಿಯ 12.6 ವೋಲ್ಟನ್ನು 50 ಸಾವಿರದಿಂದ ಭಾಗಿಸಿದರೆ ಕಾಲು ಮಿಲಿಆಂಪಿಯರ್. ಸಾಮಾನ್ಯವಾಗಿ ಒಂದರ ಹತ್ತಿರ ಬಂದಾಗಲೇ ಜುಮ್ಮೆನ್ನುವುದು. ಬೆರಳಿನಲ್ಲಿ ಹಸಿ ಗಾಯವಿದ್ದ ದಿನ ನನಗೆ ಚುರುಕ್ಕೆಂದದ್ದೂ ಉಂಟು, ಅಷ್ಟೇ.

"ಹಾಗಾದರೆ ಭಯವೇ ಇಲ್ಲವೇ?" ಎಂದರು. ನಾನು ಬಲಗೈ ಚಾಚಿ ಮಣಿಕಟ್ಟಿನ ಕಲೆ ತೋರಿಸಿದೆ.

ರಾಯಚೂರಿನಲ್ಲಿ ಉಸ್ತಾದರ ಬಳಿ ಕೆಲಸ ಕಲಿಯುತ್ತಿದ್ದ ಕಾಲ. ಮೇ ತಿಂಗಳ ಮಧ್ಯಾಹ್ನ, ಪಾನಾ ಮುಟ್ಟಿದರೇ ಸುಡುವಂಥ ಬಿಸಿಲು. ಕೈಯಲ್ಲಿ ಅಜ್ಜಿ ಹಾಕಿಸಿದ ಬೆಳ್ಳಿ ಕಡಗ. ಮೈನಸ್ ಕಳಚದೆ ನೇರವಾಗಿ ಪ್ಲಸ್ಸಿನ ನಟ್ಟಿಗೆ ಹತ್ತರ ಪಾನಾ ಹಾಕಿದೆ. ಕೈ ಜಾರಿ ಕಡಗ ಒಂದು ಕಡೆ ಪಾನಾಕ್ಕೂ ಇನ್ನೊಂದು ಕಡೆ ಮೈನಸ್ಸಿಗೆ ಜೋಡಿಸಿದ ಗಾಡಿಯ ಬಾಡಿಗೂ ತಾಗಿತು. ಚಟ್ಟನೆ ನೀಲಿ ಬೆಳಕು. ಶಾಕ್ ಹೊಡೆಯಲೇ ಇಲ್ಲ. ಕಡಗ ಕುಲುಮೆಯಿಂದ ತೆಗೆದಂತೆ ಕಾದುಹೋಯಿತು. ಲೋಹದ ದಾರಿಯಲ್ಲಿ ದಿಬ್ಬವೆಲ್ಲಿ? ನೂರಾರು ಆಂಪಿಯರ್ ಒಮ್ಮೆಲೇ ನುಗ್ಗುತ್ತದೆ. ಉಸ್ತಾದರು ಕೈಯನ್ನು ಬಿಂದಿಗೆಯ ನೀರಿನಲ್ಲಿ ಅದ್ದಿಸಿದರು, ಬೈಯಲಿಲ್ಲ. ಮರುದಿನ ಬಾಗಿಲಲ್ಲೇ ತಡೆದು, "ಕಡಗ ಬಿಚ್ಚಿಟ್ಟು ಬಾ" ಎಂದರು. ಇಲಿ ಕಡಿದಂತೆ ಕಚ್ಚುಬಿದ್ದ ಆ ಪಾನಾ ಇಂದಿಗೂ ನನ್ನ ಗಲ್ಲಾದಲ್ಲಿದೆ.

ಅಂದಿನಿಂದ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮೈನಸ್ ಕಳಚಿದ್ದರೆ ಪ್ಲಸ್ಸಿನ ಪಾನಾ ಬಾಡಿಗೆ ತಗುಲಿದರೂ ಸುತ್ತು ಪೂರ್ಣವಾಗುವುದಿಲ್ಲ. ಚಾರ್ಜಿಗಿಟ್ಟ ಬ್ಯಾಟರಿ ಹೈಡ್ರೋಜನ್ ಉಗುಳುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು. ಹಾಗಾಗಿ ಇನ್ನೊಂದು ಗಾಡಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡುವಾಗ ಕೊನೆಯ ಮೈನಸ್ ಕ್ಲಿಪ್ಪನ್ನು ಬ್ಯಾಟರಿಗೆ ಹಾಕದೆ ದೂರದ ಇಂಜಿನ್ ಕಬ್ಬಿಣಕ್ಕೆ ಹಾಕುತ್ತೇನೆ. ಆಸಿಡ್ ಹನಿ ಅಂಗಿಗೆ ಸಿಡಿದದ್ದು ಆಗ ತಿಳಿಯುವುದಿಲ್ಲ. ಒಗೆದು ಒಣಹಾಕಿದಾಗ ತೂತುಗಳ ಮೂಲಕ ಆಕಾಶ ಕಾಣುತ್ತದೆ. ಅಂಗಿ ಹೋದರೆ ಹೋಗಲಿ ಎಂದು ಕಣ್ಣಿಗೆ ಕನ್ನಡಕ ಹಾಕಿಕೊಳ್ಳುತ್ತೇನೆ.

ಕಾರಿನಲ್ಲಿ ನಿಜವಾದ ಶಾಕ್ ತಿಂದದ್ದು ಒಮ್ಮೆ, ಹಳೆಯ ಪೆಟ್ರೋಲ್ ವ್ಯಾನಿನ ಪ್ಲಗ್ ವೈರಿನಿಂದ. ಇಗ್ನಿಷನ್ ಕಾಯಿಲ್ ಅದೇ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಕೈ ಹಿಂದಕ್ಕೆ ಚಿಮ್ಮಿ ಮೊಣಕೈ ಬಾನೆಟ್ಟಿಗೆ ಬಡಿಯಿತು. ಈಗಿನ ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ತರಬೇತಿ ಇಲ್ಲದ ನಾನು ಅವನ್ನು ಮುಟ್ಟುವುದಿಲ್ಲ.

ಹಿರಿಯರು ಎಲ್ಲವನ್ನೂ ಕೇಳಿಸಿಕೊಂಡರು. ಮಾತಿಲ್ಲದೆ ಬೆರಳಿನ ಎರಡು ಉಂಗುರಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, "ಈಗ ನಾನೂ ಮುಟ್ಟಿ ನೋಡಲೇ?" ಎಂದರು.