ಇತಿಹಾಸ ಪ್ರಬಂಧ ಸ್ಪರ್ಧೆ ಇಡ್ತೀರಾ? ಮೊದಲು ವಿಷಯ ಸರಿಯಾಗಿ ಕೊಡಿ

ಆಗಸ್ಟ್ 15, ನವೆಂಬರ್ 1 ಹತ್ರ ಬಂತು ಅಂದ್ರೆ ಯುವಕ ಸಂಘದೋರು, ಹಳೇ ವಿದ್ಯಾರ್ಥಿಗಳು, ಲೈಬ್ರರಿಯೋರು ಎಲ್ರೂ ಶಾಲೆ ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಇಡ್ತಾರೆ. ವಿಷಯ ‘ಸ್ವಾತಂತ್ರ್ಯ ಹೋರಾಟದಲ್ಲಿ ಕರ್ನಾಟಕದ ಪಾತ್ರ’. ಬಂದ ಪ್ರಬಂಧ ಬಿಡಿಸಿ ನೋಡಿದ್ರೆ ಎಲ್ಲದ್ರಲ್ಲೂ ಅದೇ ಪೀಠಿಕೆ, ಅದೇ ವಿಷಯ ನಿರೂಪಣೆ, ಅದೇ ಉಪಸಂಹಾರ. ಅರ್ಧ ಬಸ್‌ಸ್ಟ್ಯಾಂಡಲ್ಲಿ ಸಿಗೋ ಪ್ರಬಂಧದ ಪುಸ್ತಕದಿಂದ, ಇನ್ನರ್ಧ ಅಪ್ಪನ ಮೊಬೈಲಿಂದ. ಆಮೇಲೆ ಈಗಿನ ಮಕ್ಕಳು ಓದಲ್ಲ ಅಂತ ಬೈತಾರೆ. ತಪ್ಪು ಮಕ್ಕಳದ್ದಲ್ಲ, ಅಂಥ ವಿಷಯಕ್ಕೆ ಕಾಪಿ ಹೊಡೆಯೋದು ಬಿಟ್ರೆ ಒಂಬತ್ತನೇ ಕ್ಲಾಸಿನ ಹುಡುಗಿ ಇನ್ನೇನು ಮಾಡೋಕಾಗುತ್ತೆ?

ಅನುಮತಿ, ದಿನಾಂಕದ ಕೆಲಸ ಸುಲಭ. ಒಂದೇ ಶಾಲೆ ಆದ್ರೆ ಹೆಡ್‌ಮಾಸ್ಟರ್ ಹತ್ರ ಮಾತಾಡಿ, ನಾಲ್ಕಾರು ಶಾಲೆ ಸೇರಿಸ್ತೀರಿ ಅಂದ್ರೆ ಬಿಇಓ ಆಫೀಸಿಗೆ ಒಂದು ಪತ್ರ ಕೊಡಿ. ಪ್ರತಿಭಾ ಕಾರಂಜಿ ನಡೀತಿರೋ ವಾರ ಬೇಡ, ಜನವರಿ ಮೇಲೆ ಎಸ್ಸೆಸ್ಸೆಲ್ಸಿ ಮಕ್ಕಳು ಸಿಗಲ್ಲ. ಗುಂಪು ಎರಡೇ ಸಾಕು, 5ರಿಂದ 7, 8ರಿಂದ 10.

ಈಗ ವಿಷಯ. ಎಲ್ರೂ ಎಡವೋದು ಇಲ್ಲೇ, ಹಾಗಾಗಿ ನಿಮ್ಮ ಹೆಚ್ಚಿನ ಸಮಯ ಇದಕ್ಕೇ ಹೋಗ್ಲಿ. ನಾನು ನೋಡೋದು ಇಷ್ಟೇ: ಮಗು ಸೈಕಲ್ಲಲ್ಲಿ ಹೋಗಿ ನೋಡಿ ಬರೋಕಾಗುತ್ತಾ, ಮನೆಯಲ್ಲೋ ಬೀದಿಯಲ್ಲೋ ಇರೋ ಹಿರಿಯರನ್ನ ಕೇಳೋಕಾಗುತ್ತಾ? ಎರಡೂ ಆಗಲ್ಲ ಅಂದ್ರೆ ಆ ವಿಷಯ ಬಿಡಿ. ‘ಕರ್ನಾಟಕದ ಕೆರೆಗಳು’ ಬೇಡ, ‘ನಮ್ಮೂರ ಕೆರೆ ಯಾರು ಕಟ್ಟಿಸಿದ್ರು, ತೂಬು ಯಾರು ಎತ್ತುತಿದ್ರು’ ಅಂತ ಕೊಡಿ. ಬೆಂಗಳೂರಲ್ಲಿ ಬಸವನಗುಡಿ, ಮಲ್ಲೇಶ್ವರದ ಶಾಲೆ ಆದ್ರೆ 1898ರ ಪ್ಲೇಗ್ ಕೊಡಿ, ಆ ಬಡಾವಣೆಗಳು ಬೆಳೆದದ್ದಕ್ಕೂ ಪ್ಲೇಗಿಗೂ ನೇರ ಸಂಬಂಧ ಇದೆ, ಊರಲ್ಲಿ ಪ್ಲೇಗಮ್ಮನ ಗುಡಿಗಳೂ ಇವೆ. ಸಾಗರ, ಹೊಸನಗರದ ಕಡೆ ಲಿಂಗನಮಕ್ಕಿ, ಬಾಗಲಕೋಟೆ ಕಡೆ ಆಲಮಟ್ಟಿ, ಮುಳುಗಡೆಗೆ ಮುಂಚಿನ ಊರು ನೆನಪಿರೋರು ಇನ್ನೂ ಇದ್ದಾರೆ, ಅವ್ರನ್ನ ಕೇಳೋಕೆ ಮಕ್ಕಳಿಗಿಂತ ಒಳ್ಳೇವ್ರು ಯಾರೂ ಇಲ್ಲ. ಗೌರಿಬಿದನೂರು ತಾಲೂಕಾದ್ರೆ 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಸ್ವಾತಂತ್ರ್ಯ ಹೋರಾಟಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಮಾಡಿದ ಗೋಲಿಬಾರು. ಅಲ್ಲಿ ಎಷ್ಟು ಜನ ಸತ್ತರು ಅನ್ನೋದಕ್ಕೆ ಒಂದೊಂದು ಕಡೆ ಒಂದೊಂದು ಲೆಕ್ಕ ಇದೆ, ‘ಯಾಕೆ ಬೇರೆ ಬೇರೆ ಇದೆ’ ಅಂತಾನೇ ಹೈಸ್ಕೂಲ್ ಮಕ್ಕಳಿಗೆ ಕೇಳಿ, ಉತ್ತರ ಎಲ್ಲೂ ರೆಡಿ ಸಿಗಲ್ಲ.

ನಮ್ಮೂರಲ್ಲಿ ಅಂಥದ್ದೇನೂ ಇಲ್ಲ ಅಂತೀರಾ? ಕೆರೆ ಏರಿ ಮೇಲೋ ಹಳೇ ದೇವಸ್ಥಾನದ ಪಕ್ಕಾನೋ ಒಂದು ವೀರಗಲ್ಲು, ಅಂದ್ರೆ ಹೋರಾಡಿ ಸತ್ತ ವೀರನ ನೆನಪಿಗೆ ನಿಲ್ಲಿಸಿದ ಕೆತ್ತನೆಯ ಕಲ್ಲು ಇರುತ್ತೆ, ಹುಡುಕಿ. ಬೇಗೂರಿನ ವೀರಗಲ್ಲು ಇರದಿದ್ರೆ ಸುಮಾರು ಕ್ರಿ.ಶ. 890ರಲ್ಲೇ ‘ಬೆಂಗಳೂರು’ ಅನ್ನೋ ಹೆಸರು ಇತ್ತು ಅಂತ ನಮಗೆ ಗೊತ್ತಾಗ್ತಿರಲಿಲ್ಲ. ಮಕ್ಕಳನ್ನ ಕಲ್ಲಿನ ಮುಂದೆ ಕೂರಿಸಿ ಕೆಳಗಿಂದ ಮೇಲಕ್ಕೆ ನೋಡೋಕೆ ಹೇಳಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ ಇರುತ್ತೆ, ದನ ಕೆತ್ತಿದ್ರೆ ಅದು ತುರುಗೋಳು, ಅಂದ್ರೆ ದನ ಹೊಡ್ಕೊಂಡು ಹೋಗೋರ ಜೊತೆ ಹೋರಾಡಿ ಸತ್ತಿದ್ದಾನೆ. ನಡುವೆ ಅಪ್ಸರೆಯರು ಅವನನ್ನ ಎತ್ಕೊಂಡು ಹೋಗ್ತಿರ್ತಾರೆ, ಮೇಲೆ ಲಿಂಗದ ಮುಂದೆ ಕೂತಿರ್ತಾನೆ, ತುದಿಯಲ್ಲಿ ಸೂರ್ಯ ಚಂದ್ರ. ಕೈಯಲ್ಲಿ ಬಿಲ್ಲಾ ಕತ್ತಿಯಾ, ಎದುರಿಗೆ ಕುದುರೆ ಇದೆಯಾ, ಹೆಂಗಸರು ಇದ್ದಾರಾ ಅಂತ ಮಗು ತಾನೇ ನೋಡಿ ಬರೀಲಿ. ಅಕ್ಷರ ಕಾಣ್ಲಿ ಅಂತ ಕೆಲವರು ಸೀಮೆಸುಣ್ಣ ಬಳೀತಾರೆ, ಎಣ್ಣೆ ಹಚ್ತಾರೆ, ತಂತಿ ಬ್ರಶ್ಶಲ್ಲಿ ಉಜ್ತಾರೆ, ದಯವಿಟ್ಟು ಯಾವುದೂ ಬೇಡ, ಕಲ್ಲು ಹಾಳಾಗುತ್ತೆ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಹೋಗಿ, ಇಲ್ಲಾಂದ್ರೆ ಪಕ್ಕದಿಂದ ಟಾರ್ಚ್ ಬಿಡಿ, ಸವೆದ ಅಕ್ಷರಾನೂ ಎದ್ದು ಕಾಣುತ್ತೆ. ಶಾಸನ ಇದ್ರೆ ಬಿ. ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನ ನೋಡಿ. ಹಳೇ ಮೈಸೂರು ಮತ್ತು ಕೊಡಗಿನ ಶಾಸನಗಳು ಅದರಲ್ಲಿವೆ, ತಾಲೂಕಿನ ಹೆಸರು ಹಿಡಿದು ಹುಡುಕಿದ್ರೆ ಊರು ಸಿಗುತ್ತೆ. ವಿಷಯ ಪ್ರಕಟಿಸೋ ಮುಂಚೆ ಈ ಹುಡುಕಾಟ ನೀವು ಮಾಡಿರ್ಬೇಕು, ಮಕ್ಕಳ ತಲೆ ಮೇಲೆ ಹಾಕ್ಬೇಡಿ.

ವಿಷಯ ಕೊಟ್ಟು ಮೂರು ವಾರ ಬಿಡಿ. ಅಜ್ಜ ಅಜ್ಜಿಯರಿಗೆ ಇಸವಿ ನೆನಪಿರಲ್ಲ, ‘ಯಾವ ವರ್ಷ ಅಜ್ಜಿ’ ಅಂದ್ರೆ ‘ಅದೆಲ್ಲ ಯಾರಿಗ್ ಗೊತ್ತು ಮಗಾ’ ಅಂತಾರೆ. ಅದರ ಬದ್ಲು ‘ನಿಮ್ ಮದ್ವೆಗೆ ಮುಂಚೇನಾ ಆಮೇಲಾ, ಎಮರ್ಜೆನ್ಸಿ ಹೊತ್ತಿಗಾ, ಊರಿಗೆ ಕರೆಂಟ್ ಬಂದ ಮೇಲಾ’ ಅಂತ ಕೇಳೋದು ಕಲಿಸಿಕೊಡಿ. ಎಮರ್ಜೆನ್ಸಿ 1975ರಿಂದ 77, ಅಲ್ಲಿಂದ ಹಿಂದೆ ಮುಂದೆ ಲೆಕ್ಕ ಹಾಕಿದ್ರೆ ಇಸವಿ ಹತ್ರ ಹತ್ರ ಸಿಗುತ್ತೆ. ಒಂದು ಎಚ್ಚರಿಕೆ, ಜಮೀನು ಯಾರದ್ದಿತ್ತು, ಕೆರೆ ನೀರು ಯಾವ ಕೇರಿಗೆ ಬಿಡ್ತಿರಲಿಲ್ಲ ಅನ್ನೋ ಮಾತೂ ಬರುತ್ತೆ. ಅದನ್ನ ಮಗು ಬರೆದ್ರೆ ಅಳಿಸಬೇಡಿ, ಅದೂ ಊರಿನ ಇತಿಹಾಸಾನೇ. ಆದ್ರೆ ಬದುಕಿರೋರ ಹೆಸರು ಹಾಕೋದು ಬೇಡ ಅಂತ ಮೊದಲೇ ಹೇಳಿ.

ಮನೆಯಿಂದ ಬರ್ಕೊಂಡು ಬರೋ ಪದ್ಧತಿ ಬಿಟ್ಟೇಬಿಡಿ. ವಾಟ್ಸಾಪಲ್ಲಿ ಪಿಡಿಎಫ್ ಕಳಿಸಿ ಅನ್ನೋದಂತೂ ಬೇಡವೇ ಬೇಡ, ಅದು ಪೋಷಕರ ಸ್ಪರ್ಧೆ ಆಗುತ್ತೆ. ಶಾಲೆಯಲ್ಲೇ ಎರಡು ಗಂಟೆ ಕೂತು ಬರೀಲಿ, ತಾವು ಕೈಯಲ್ಲಿ ಬರ್ಕೊಂಡ ಒಂದೇ ಒಂದು ಟಿಪ್ಪಣಿ ಹಾಳೆ ತರ್ಲಿ, ಅದನ್ನೂ ಪ್ರಬಂಧದ ಜೊತೆ ಪಿನ್ ಮಾಡಿ ತಗೊಳ್ಳಿ. ಹಾಳೆ ದಪ್ಪದ್ದು ಕೊಡಿ, ಅಗ್ಗದ ತೆಳು ಹಾಳೆಯಲ್ಲಿ ಶಾಯಿ ಹಿಂದಕ್ಕೆ ಇಳಿದು ಓದೋಕಾಗಲ್ಲ.

ಮೌಲ್ಯಮಾಪನಕ್ಕೆ 50 ಅಂಕ ಇಟ್ಕೊಳ್ಳಿ. ಮಗು ತಾನೇ ನೋಡಿ ಕೇಳಿ ತಂದಿದ್ದಕ್ಕೆ 20, ‘ಇದು ನಂಗೆ ಹೇಗೆ ಗೊತ್ತಾಯ್ತು’ ಅಂತ ಹೇಳಿದ್ದಕ್ಕೆ 15, ಜೋಡಣೆಗೆ 10, ಭಾಷೆಗೆ 5. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ್ದಕ್ಕೆ ಅಂಕ ಕಡಿಯೋ ಮೇಷ್ಟ್ರನ್ನ ಈ ಕೆಲಸಕ್ಕೆ ಕೂರಿಸಬೇಡಿ. ಊರಿನ ಆಡುಮಾತಲ್ಲೇ ಬರೆದ ಮಗೂಗೂ ಪೂರ್ತಿ ಅಂಕ ಸಿಗ್ಬೇಕು. ಹೆಸರು ಮುಚ್ಚಿ ನಂಬರ್ ಹಾಕಿ, ಇಬ್ಬರು ಬೇರೆ ಬೇರೆ ನೋಡ್ಲಿ, 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಮೂರನೆಯವರಿಗೆ ಕೊಡಿ. ಮುಂದಿರೋ ಎಂಟ್ಹತ್ತು ಮಕ್ಕಳನ್ನ ಕರೆದು ಐದೈದು ನಿಮಿಷ ಮಾತಾಡಿಸಿ, ಯಾರು ಹೇಳಿದ್ರು, ಎಲ್ಲಿ ಕೂತು ಹೇಳಿದ್ರು, ನೀನು ಇನ್ನೇನು ಕೇಳಿದೆ ಅಂತ. ತಾನೇ ಮಾಡಿದ ಮಗು ಬರೆದಿದ್ದಕ್ಕಿಂತ ಜಾಸ್ತಿ ಹೇಳುತ್ತೆ, ಬರೆಸ್ಕೊಂಡು ಬಂದದ್ದು ಎರಡನೇ ಪ್ರಶ್ನೆಗೇ ನೆಲ ನೋಡುತ್ತೆ. ಅಲ್ಲಿ ಬೈಯೋಕೆ ಹೋಗ್ಬೇಡಿ, ಮುಂದಿನ ಸಲ ನೀನೇ ಹೋಗಿ ಕೇಳ್ಕೊಂಡು ಬಾ ಅನ್ನಿ ಸಾಕು.

ಬಹುಮಾನಕ್ಕೆ ಪ್ಲಾಸ್ಟಿಕ್ ಟ್ರೋಫಿ ಬೇಡ, ಪುಸ್ತಕ ಕೊಡಿ. ಸರ್ಟಿಫಿಕೇಟ್ ಎಲ್ರಿಗೂ. ಮೂಲ ಪ್ರಬಂಧ ಮಕ್ಕಳಿಗೆ ವಾಪಸ್ ಕೊಟ್ಟು ಎಲ್ಲದರ ಜೆರಾಕ್ಸ್ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ ಗ್ರಾಮ ಪಂಚಾಯ್ತಿ ಲೈಬ್ರರಿಗೊಂದು, ಶಾಲೆಗೊಂದು ಕೊಡಿ, ಮುಂದಿನ ವರ್ಷದ ವಿಷಯ ಅದರಲ್ಲೇ ಎಲ್ಲೋ ಸಿಗುತ್ತೆ.