ಒಂದೂ ಬಿಲ್ ತಪ್ಪದೆ ಹಳೇ ಸರ್ವಿಸ್ ನಿಲ್ಲಿಸಿದ್ದು

ಬಿಲ್ ತಯಾರಿಸುವ ನಮ್ಮ ಹಳೇ ಸರ್ವಿಸ್ ಕೊನೆಗೂ ಬಂದ್ ಆಯಿತು. ಗ್ರಾಹಕರಿಗೆ ಗೊತ್ತೇ ಆಗಲಿಲ್ಲ. "ತಾರೀಖು ಗೊತ್ತು ಮಾಡಿ ಕಿತ್ತು ಹಾಕೋದಕ್ಕೆ ಇಷ್ಟೆಲ್ಲ ಯಾಕೆ" ಅಂದವರೇ ಈಗ ನಾನು ಬಳಸಿದ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಕೇಳುತ್ತಿದ್ದಾರೆ.

ತಾರೀಖಿನ ದಾರಿಯನ್ನು ಹಿಂದಿನ ತಂಡ ಹಿಡಿದು ನೋಡಿತ್ತು. ಹೊಸ ಸರ್ವಿಸ್‌ನಲ್ಲಿ ಕ್ರೆಡಿಟ್ ನೋಟ್, ಅಂದರೆ ಬಿಲ್ ಮೊತ್ತ ಕಡಿಮೆ ಮಾಡುವ ಚೀಟಿ, ಕೊಡುವ ಭಾಗ ಇನ್ನೂ ಆಗಿರಲಿಲ್ಲ. ಅರ್ಧ ದಿನದಲ್ಲಿ ಹಳೇದಕ್ಕೆ ವಾಪಸ್. ಅಷ್ಟರಲ್ಲಿ ಹೊಸದು ಕೊಟ್ಟ ಬಿಲ್ ನಂಬರುಗಳು ಹಳೇದರ ನಂಬರುಗಳಿಗೆ ಡಿಕ್ಕಿ ಹೊಡೆದವು. ಲೆಕ್ಕಪತ್ರದವರು ವಾರಗಟ್ಟಲೆ ಕೂತು ಒಂದೊಂದನ್ನೇ ಸರಿ ಮಾಡಿದರು. ಅವರ ಸಂಬಳ ಲೆಕ್ಕ ಹಾಕಿದರೆ ಹಳೇ ಸರ್ವರಿನ ಒಂದು ವರ್ಷದ ಬಾಡಿಗೆಗಿಂತ ಜಾಸ್ತಿ!

ನಾನು ಮೊದಲು ಪ್ರತಿ ರಿಕ್ವೆಸ್ಟನ್ನೂ ಎರಡೂ ಕಡೆ ಕಳಿಸಿದೆ. ಉತ್ತರ ಮಾತ್ರ ಹಳೇದರದ್ದು. ಹೊಸದರಲ್ಲಿ ಇಮೇಲ್ ಆಫ್ ಮಾಡಿಡಿ, ಇಲ್ಲದಿದ್ದರೆ ಗ್ರಾಹಕರಿಗೆ ಎರಡೆರಡು ಬಿಲ್ ಹೋಗುತ್ತದೆ. ನೂರಕ್ಕೆ ನಾಲ್ಕೈದು ಬಿಲ್ ಹೊಂದಲಿಲ್ಲ, ಬಹುಪಾಲು ರೌಂಡಿಂಗ್ ತಕರಾರು.

ಆಮೇಲೆ ಬ್ರೌನ್‌ಔಟ್. ಹತ್ತು ನಿಮಿಷ, ಒಂದು ಗಂಟೆ, ಆಮೇಲೆ ಇಡೀ ದಿನ ಹಳೇದನ್ನು ಬೇಕಂತಲೇ ನಿಲ್ಲಿಸೋದು, ಇನ್ನೂ ಅದನ್ನೇ ನಂಬಿಕೊಂಡವರು ಯಾರು ಅಂತ ಗೊತ್ತಾಗಲಿ ಅಂತ. 2021ರ ಆಗಸ್ಟ್‌ನಲ್ಲಿ ಗಿಟ್ (ಕೋಡ್ ಬದಲಾವಣೆ ದಾಖಲಿಸುವ ಉಪಕರಣ) ಕೆಲಸಗಳಿಗೆ ಪಾಸ್‌ವರ್ಡ್ ಬಳಕೆ ನಿಲ್ಲಿಸುವ ಮುಂಚೆ ಕೋಡ್ ಇಡುವ ತಾಣ ಗಿಟ್‌ಹಬ್ ಕೂಡ ಹೀಗೇ ಮಾಡಿತ್ತು. ನಿಂತಿರುವಾಗ ಮೊದಲು 503 (ಸದ್ಯಕ್ಕೆ ಸಿಗಲ್ಲ ಅನ್ನೋ ಉತ್ತರ) ಕೊಟ್ಟೆ, ಉಪಯೋಗಕ್ಕೆ ಬರಲಿಲ್ಲ. ಕ್ಲೈಂಟುಗಳು, ಅಂದರೆ ನಮ್ಮ ಸರ್ವಿಸ್ ಬಳಸುವ ಪ್ರೋಗ್ರಾಂಗಳು, ಸುಮ್ನೆ ಮತ್ತೆ ಮತ್ತೆ ಕೇಳಿ, ಸರ್ವಿಸ್ ಎದ್ದ ಮೇಲೆ ಕೆಲಸ ಮುಗಿಸಿಕೊಂಡವು. ಯಾರೂ ಕಿರುಚಲಿಲ್ಲ. 410ಕ್ಕೆ (ಖಾಯಂ ಆಗಿ ಹೋಯಿತು ಅನ್ನೋ ಉತ್ತರ) ಬದಲಾಯಿಸಿದ ತಕ್ಷಣ ಅವನ್ನು ನಡೆಸುವವರ ಫೋನುಗಳು ಶುರು.

ಪಕ್ಕದಲ್ಲಿ ಸನ್‌ಸೆಟ್ ಹೆಡರ್, ಅಂದರೆ ಸರ್ವಿಸ್ ಯಾವಾಗ ನಿಲ್ಲುತ್ತದೆ ಅಂತ ಉತ್ತರದ ಜೊತೆ ಹೋಗುವ ಸಾಲು, ಕೂಡ ಹಾಕಿ ನೋಡಿದೆ, 2019ರ ಇಂಟರ್ನೆಟ್ ದಾಖಲೆ ಆರ್‌ಎಫ್‌ಸಿ 8594ರಲ್ಲಿ ಇರುವುದು. ಚೆನ್ನಾಗಿದೆ, ಆದರೆ ನಮ್ಮಲ್ಲಿ ಒಬ್ಬರೂ ಓದಲಿಲ್ಲ.

"ಲಾಗ್‌ನಲ್ಲಿ ಯಾರೂ ಇಲ್ಲ" ಅನ್ನೋದನ್ನೂ ನಂಬಬೇಡಿ. ನಮ್ಮ ಲಾಗ್ (ಯಾರು ಯಾವಾಗ ಬಳಸಿದರು ಅನ್ನೋ ದಾಖಲೆ) ಉಳಿಯುತ್ತಿದ್ದದ್ದು 30 ದಿನ. ಮೂರು ತಿಂಗಳಿಗೊಮ್ಮೆ ತಾನಾಗೇ ಓಡುವ ಒಂದು ಜಾಬ್ ಅದರಲ್ಲಿ ಎಲ್ಲಿ ಕಾಣಬೇಕು? ಎಲ್ಲರ ಕಾನ್ಫಿಗ್ (ಸೆಟ್ಟಿಂಗ್) ಫೈಲುಗಳಲ್ಲಿ ಹುಡುಕಿದಾಗ ಸಿಕ್ಕಿತು. ಅದು ಹೊಸದರಲ್ಲಿ ಒಮ್ಮೆ ಸರಿಯಾಗಿ ಓಡುವ ತನಕ ಹಳೇದು ಇರಲಿ ಅಂತ ಹಠ ಹಿಡಿದೆ.

ಎರಡೂ ಓಡುವಾಗ ಖರ್ಚು ಒಂದೂಮುಕ್ಕಾಲು ಪಟ್ಟು ಆಗಿತ್ತು, ಮೇಲಿನವರಿಂದ ಬೈಗುಳ. ಕ್ಲೈಂಟುಗಳು ಹೊಸದಕ್ಕೆ ಬಂದ ಹಾಗೆಲ್ಲ ಹಳೇದನ್ನು ಚಿಕ್ಕ ಮಷೀನಿಗೆ ಇಳಿಸುತ್ತಾ ಹೋದೆ. ಕೊನೆಗೆ ಹೆಚ್ಚುವರಿ ಖರ್ಚು ಹತ್ತನೇ ಒಂದು ಭಾಗಕ್ಕೆ ಬಂತು.

ಡೇಟಾಬೇಸ್ ಈಗ ಓದೋಕೆ ಮಾತ್ರ. ಹಳೇ ಡೊಮೇನ್ ಹೆಸರು ಇನ್ನೂ ನಮ್ಮ ಕೈಯಲ್ಲೇ ಇದೆ, 410 ಕೊಡುತ್ತಿದೆ. ಬಿಟ್ಟರೆ ಬೇರೆ ಯಾರೋ ಕೊಂಡುಕೊಂಡು, ಮರೆತುಹೋದ ಕ್ಲೈಂಟು ಕಳಿಸುವ ಬಿಲ್ ವಿವರವನ್ನೆಲ್ಲ ಓದಬಹುದು.